ವೈನ್ ಪಟ್ಟಿಗೆ ನಾನು ಕೊಟ್ಟ ಎರಡು ಮಾರ್ಕ್ಸು

ನೀವು ನಂಬಲ್ಲ ಬಿಡಿ, ಆದರೂ ಹೇಳುತ್ತೇನೆ. ಶ್ರಾವಣದ ಒಂದು ಮಧ್ಯಾಹ್ನ, ತುಮಕೂರಿನ ಕ್ಯಾತ್ಸಂದ್ರದ ಹೈವೇ ಪಕ್ಕದ ಕರಾವಳಿ ಮೀನಿನ ಹೋಟೆಲಿನಲ್ಲಿ, ಬೆಂಗಳೂರಿನ ದೊಡ್ಡಪ್ಪನ ಮಗಳು ರಂಜಿತಕ್ಕ ಮಂಚದಷ್ಟು ಉದ್ದದ ವೈನ್ ಪಟ್ಟಿಯನ್ನು ನನ್ನ ಮೂಗಿಗೆ ಹಿಡಿದಳು. "ತುಮಕೂರವ್ರಿಗೆ ಮುದ್ದೆ ಬಿಟ್ರೆ ಇನ್ನೇನು ಗೊತ್ತೋ?"

ಹದಿನೇಳರ ನಾನು ವೈನ್ ಮೂಸಿಯೂ ನೋಡಿರಲಿಲ್ಲ. ಆದರೆ ಇಡೀ ಜಿಲ್ಲೆಯ ಮಾನ ನನ್ನ ಕೈಯಲ್ಲಿತ್ತು. ಡಿಸಿ ಸಾಹೇಬರ ಗತ್ತಿನಲ್ಲಿ ಪಟ್ಟಿ ಓದಿ, ಗುಬ್ಬಿಯವರೆಗೂ ಕೇಳುವಂತೆ ವೇಯ್ಟರನ್ನು ಕೂಗಿದೆ.

"ಅಣ್ಣಾ, ಬಂಗುಡೆಗೆ ಯಾವ ವೈನು, ಅಂಜಲ್‌ಗೆ ಯಾವ ವೈನು ಎಲ್ಲ ಬರ್ದಿದೀರ. ಮುದ್ದೆ ಮೀನ್‌ಸಾರಿಗೆ ಯಾವ್ದು ಅಂತ ಎಲ್ಲಣ್ಣ ಬರ್ದಿದೀರ? ಹತ್ತಕ್ಕೆ ಎರಡೇ ಮಾರ್ಕ್ಸು!"

ಪಕ್ಕದ ಮೇಜಿನವರು ಚಪ್ಪಾಳೆ ತಟ್ಟಿದರು. ಅಕ್ಕ ಪಟ್ಟಿಯನ್ನು ಕಸಿದು ಮಡಚಿಟ್ಟಳು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಶ್ರಾವಣ ಮುಗಿಯುವವರೆಗೆ ಮನೆಯಲ್ಲಿ ಮೊಟ್ಟೆಯ ಹೆಸರೂ ಎತ್ತಬಾರದು ಎಂದಿದ್ದ ಅಪ್ಪ, "ದಿನಾ ಕೊಡಂಗೆ ಬಂಗುಡೆ ಫ್ರೈ ಹಾಕಪ್ಪ" ಎನ್ನುತ್ತಾ ಒಳಗೆ ಬಂದು, ನನ್ನನ್ನು ನೋಡಿ ನಿಂತರು.

"ಏನ್ಲಾ, ನೀನಿಲ್ಲಿ?"

"ನಾನೂ ಅದನ್ನೇ ಕೇಳಣ ಅಂತಿದ್ದೆ ಕಣಪ್ಪ."

ಕಿವಿ ಹಿಡಿಸಿಕೊಂಡೇ ಮನೆಗೆ ಬಂದೆ. ಅಪ್ಪನ ಬಂಗುಡೆಯನ್ನೂ ನನ್ನ ಬಂಗುಡೆಯನ್ನೂ ಅಲ್ಲೇ ಉಳಿದ ಅಕ್ಕ ತಿಂದಳು. ಆ ಎರಡು ಮಾರ್ಕ್ಸನ್ನು ಮಾತ್ರ ನಾನು ಇವತ್ತಿಗೂ ಮೂರು ಮಾಡಿಲ್ಲ.