ಬೆನ್ನೆತ್ತಿದ ತೊಲೆ

ಚಳಿಗಾಲದ ಕೊನೆ. ಭಾನುವಾರ ಬೆಳಗ್ಗೆ ಹಾಲಿನವನು ಬರುವ ಹೊತ್ತು. ಮಂಜು ಇನ್ನೂ ಕಾಲುವೆಯ ನೀರಿನ ಮೇಲೇ ಕೂತಿದೆ. ಸಣಕಲು ಹುಡುಗಿಯೊಬ್ಬಳು ದಂಡೆಯಲ್ಲಿ ಬೋರಲು ಮಲಗಿ, ಒಂದು ಕಣ್ಣು ಮುಚ್ಚಿ, ಈ ದಡದಿಂದ ಆ ದಡಕ್ಕೆ ಎಳೆದು ಕಟ್ಟಿದ ದಾರವನ್ನೇ ನೋಡುತ್ತಿದ್ದಾಳೆ. ಅಂಗಿಯೆಲ್ಲ ಮಣ್ಣು.

"ಏನಮ್ಮ, ಬಿದ್ದುಬಿಟ್ಯಾ?" ಹಾಲಿನವನು ಗಾಬರಿಯಿಂದ ಸೈಕಲ್ ನಿಲ್ಲಿಸುತ್ತಾನೆ.

"ಇಲ್ಲಣ್ಣ, ಸೇತುವೆ ಕಟ್ತಾ ಇದೀನಿ."

ಅವನು ಆಚೀಚೆ ನೋಡುತ್ತಾನೆ. ದಾರ ಬಿಟ್ಟರೆ ಅಲ್ಲಿ ಏನೂ ಇಲ್ಲ. ತಲೆ ಕೆರೆದುಕೊಂಡು ಹೊರಡುತ್ತಾನೆ. ಎಲ್ಲ ಶುರುವಾದದ್ದು ಹೀಗೆ.

ನನ್ನದು ಗರಗಸಕ್ಕೆ ಅರ ಉಜ್ಜಿ ಹರಿತ ಮಾಡಿಕೊಡುವ ಅಂಗಡಿ. ಅಂಗಡಿಯ ಮೇಲಿನ ಕೋಣೆಯಲ್ಲಿ ಈ ಹುಡುಗಿ ಬಾಡಿಗೆಗಿದ್ದಾಳೆ. ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿಲ್ಲ. ಆಫೀಸಿನಲ್ಲಿ ಎಲ್ಲರಿಗಿಂತ ಚಿಕ್ಕವಳೆಂದು ಮೊದಲು ಕೊಟ್ಟದ್ದು ಚರಂಡಿ ಮುಚ್ಚಳದ ನಕ್ಷೆ ಬರೆಯುವ ಕೆಲಸ. ನಮ್ಮ ಬೀದಿಯ ಮುಚ್ಚಳಗಳೆಲ್ಲ ಅವಳು ಬರೆದಂತೆ ಆದವು. ನಾವೆಲ್ಲ ಮುಚ್ಚಳ ಕಂಡರೆ ಬಳಸಿ ನಡೆಯುತ್ತೇವೆ. ಅವಳು ಮಾತ್ರ ಬೇಕೆಂದೇ ಅದರ ನಟ್ಟನಡುವೆ ಕಾಲಿಟ್ಟು ಹೋಗುತ್ತಾಳೆ.

"ಮಾಡಿದೋರೇ ತುಳೀದೆ ಇದ್ರೆ ಬೇರೆಯವರು ಯಾಕೆ ತುಳೀಬೇಕು ತಾತ?" ಎನ್ನುತ್ತಾಳೆ.

ಸಂಜೆಯಾದರೆ ಅವಳಿಗೊಂದು ಹುಚ್ಚು. ಪೊರಕೆ ಕಡ್ಡಿ, ದಾರ, ಅಂಟು ಇಟ್ಟುಕೊಂಡು ಮೇಜಿನಿಂದ ಕುರ್ಚಿಗೆ ಸೇತುವೆ ಕಟ್ಟುವುದು. ನಡುವೆ ಡಬ್ಬಿಯೊಂದನ್ನು ತೂಗುಹಾಕಿ, ಸೇತುವೆ ಮುರಿಯುವ ತನಕ ಚಮಚದಲ್ಲಿ ಮರಳು ಸುರಿಯುವುದು. 'ಚಟ್' ಎಂದ ಕೂಡಲೇ ಕೋಣೆಯ ನೆಲದ ಹಲಗೆಯ ಸಂದಿನಿಂದ ಅಷ್ಟೂ ಮರಳು ಕೆಳಗೆ ಕೂತ ನನ್ನ ತಲೆಯ ಮೇಲೆ.

"ಅಷ್ಟು ಕಷ್ಟಪಟ್ಟು ಕಟ್ಟಿ ಮುರೀತೀಯಲ್ಲೇ!"

"ಎಲ್ಲಿ ಮೊದಲು ಮುರಿಯುತ್ತೆ ಅಂತ ಗೊತ್ತಾಗ್ಬೇಕಲ್ಲ ತಾತ."

ಮನೆಯ ಪೊರಕೆಯಲ್ಲಿ ಹಿಡಿ ಮಾತ್ರ ಉಳಿಯಿತು. ಬೀದಿಯವರು ಅವಳಿಗೆ 'ಕಡ್ಡಿ' ಎಂದೇ ಹೆಸರಿಟ್ಟರು.

ಕಾಲುವೆಯ ಮೇಲಿದ್ದ ಹಳೆಯ ಸೇತುವೆ ಕಳೆದ ಮಳೆಗಾಲದ ನೀರಿಗೆ ಕೊಚ್ಚಿಹೋಗಿತ್ತು. ನನ್ನ ಅಕ್ಕನ ಮನೆ ಆಚೆ ದಡದಲ್ಲಿ. ಹರೆಯದವರು ಬೇಸಿಗೆಯಲ್ಲಿ ಕಾಲುವೆಗೆ ಇಳಿದು ಹತ್ತುತ್ತಾರೆ. ಅಕ್ಕನ ಮಂಡಿಗಾಗಲಿ ನನ್ನ ಸೊಂಟಕ್ಕಾಗಲಿ ಅದು ಆಗದ ಮಾತು. ದಿನಾ ಬೆಳಗ್ಗೆ ಅವಳು ಅಲ್ಲಿ, ನಾನು ಇಲ್ಲಿ ನಿಂತು ಕೂಗಿ ಮಾತಾಡುತ್ತಿದ್ದೆವು. ನಮ್ಮ ಮನೆಯ ಗುಟ್ಟೆಲ್ಲ ಊರಿನದಾಯಿತು. ದಾರಿಹೋಕರು ನನ್ನನ್ನು ತಡೆದು, "ನಿಮ್ಮಕ್ಕನಿಗೆ ಹೊಟ್ಟೆ ಸರಿಯಾಯ್ತಾ?" ಎಂದು ಕೇಳುವ ಹಾಗಾಯಿತು. ಆದರೆ ಅಕ್ಕನ ದನಿ ಸಣ್ಣದಾಗುತ್ತಿತ್ತು. ಮಳೆ ಬಂದು ಕಾಲುವೆ ತುಂಬಿ ಭೋರೆಂದರೆ, ಆ ಕೂಗೂ ಕೇಳಿಸುವುದಿಲ್ಲ. ನಮ್ಮ ಈ ಕೂಗಾಟವನ್ನೆಲ್ಲ ಕಡ್ಡಿ ತನ್ನ ಕೋಣೆಯ ಕಿಟಕಿಯಿಂದ ನೋಡಿದ್ದಳು.

ತನ್ನ ಹಿರಿಯ ಇಂಜಿನಿಯರಿಗೆ ನಕ್ಷೆ ತೋರಿಸಿ ತಿದ್ದಿಸಿದಳು. ಕಾಲುವೆಯವರ ಒಪ್ಪಿಗೆ ತಂದಳು. ಬೀದಿಯವರು ಭಾನುವಾರಗಳನ್ನು ಕೊಟ್ಟರು. ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಬೋಲ್ಟು ಬಿಗಿದು ಎರಡು ಉದ್ದನೆಯ ತೊಲೆ ಮಾಡಿದೆವು. ದಡದಿಂದ ದಡಕ್ಕೆ ಅವನ್ನು ಕೂರಿಸಿದೆವು. ನಡಿಗೆಯ ಹಲಗೆ ಹೊಡೆಯುವುದಷ್ಟೇ ಬಾಕಿ.

ಆ ಭಾನುವಾರ ಅವಳು ಬಂದವಳೇ ಎಂದಿನಂತೆ ಬೋರಲು ಮಲಗಿ ಒಂದು ಕಣ್ಣು ಮುಚ್ಚಿದಳು. ಎಷ್ಟು ಹೊತ್ತಾದರೂ ಏಳಲಿಲ್ಲ.

"ಬಡಗಿ ಮಾವ, ತೊಲೆಯ ಬೆನ್ನೆಲ್ಲಿ?"

ಬಡಗಿ ನನ್ನ ವಾರಿಗೆಯವನು. ನೆಟ್ಟಗಿಲ್ಲದ್ದನ್ನು ಕಂಡರೆ ಅವನಿಗೆ ಅನ್ನ ಇಳಿಯುವುದಿಲ್ಲ. "ಬಿಸಿಲಿಗೆ ನಡುವೆ ಉಬ್ಬಿಕೊಂಡಿತ್ತು ಕಣಮ್ಮ. ನೀನು ನೋಡಿ ಬೇಜಾರು ಮಾಡ್ಕೋತೀಯ ಅಂತ, ಬರೋ ಮೊದಲೇ ಕೀಸಿ ನೆಟ್ಟಗೆ ಮಾಡ್ದೆ. ಹೆಂಗಿದೆ?"

"ಅದು ಬೇಕೂಂತಲೇ ಇಟ್ಟಿದ್ದು ಮಾವ. ಜನ ನಿಂತಾಗ ಬಗ್ಗಿ ನೆಟ್ಟಗಾಗ್ಲಿ ಅಂತ. ಈಗ ನಡು ತೆಳ್ಳಗಾಯ್ತು."

ಬಡಗಿಯ ಮುಖ ಸಪ್ಪಗಾಯಿತು. ಕಡ್ಡಿ ಎದ್ದು ಅವನ ಕೈ ಹಿಡಿದುಕೊಂಡಳು. "ತಪ್ಪು ನಂದು. ಉಬ್ಬು ಯಾಕೆ ಅಂತ ನಾನು ಹೇಳ್ಲೇ ಇಲ್ಲ."

ಯಾರೋ ಅಂದರು, "ಬಿಡಮ್ಮ, ನಾವೇನು ಆನೆ ಹೊಡ್ಕೊಂಡು ಹೋಗ್ತೀವಾ?" ಅವಳು ನಗಲಿಲ್ಲ. "ತಡೆಯುತ್ತೆ ಅಂತ ನನಗೆ ಗೊತ್ತಾಗೋವರೆಗೆ ಯಾರೂ ಹತ್ತಬಾರದು." ಮೋಡ ಆಗಲೇ ಕವಿಯುತ್ತಿತ್ತು. ಆಚೆ ದಡದಿಂದ ಅಕ್ಕ, "ಏನಂತೋ?" ಎಂದು ಕೂಗಿದಳು. ನಾನು ಕೈಸನ್ನೆಯಲ್ಲೇ 'ಇನ್ನೂ ಇಲ್ಲ' ಎಂದೆ.

ಆ ವಾರವೆಲ್ಲ ಮೇಲಿನಿಂದ 'ಚಟ್', 'ಚಟ್'. ತಲೆತುಂಬ ಮರಳು. ಒಂದು ಸಂಜೆ ಮಾತ್ರ ಚಮಚದ ಸದ್ದು ನಡೆದೇ ಇದೆ, ಮರಳು ಬೀಳುತ್ತಿಲ್ಲ. ತಡೆಯಲಾರದೆ ಮೆಟ್ಟಿಲು ಹತ್ತಿದೆ. ಮೇಜಿನಿಂದ ಕುರ್ಚಿಗೆ, ನಡು ಕೆರೆದು ತೆಳ್ಳಗೆ ಮಾಡಿದ ಪೊರಕೆ ಕಡ್ಡಿ. ಅದರ ಹೊಟ್ಟೆಯ ಕೆಳಗೆ ತುದಿಯಿಂದ ತುದಿಗೆ ಒಂದು ದಾರ. ದಾರಕ್ಕೂ ಕಡ್ಡಿಗೂ ನಡುವೆ ಚೋಟುದ್ದದ ಊರುಗೋಲು. ಅವಳು ದಾರವನ್ನು ತಿರುಚಿ ಬಿಗಿದಳು. ಕಡ್ಡಿ ಮೆಲ್ಲಗೆ, ನಿದ್ದೆಯಿಂದ ಎದ್ದ ಬೆಕ್ಕಿನ ಹಾಗೆ, ಬೆನ್ನೆತ್ತಿತು.

ಅವಳ ಹಿರಿಯ ಇಂಜಿನಿಯರೂ ಬಂದು ನೋಡಿ ಸೈ ಎಂದರು. ದಾರದ ಬದಲು ಕಮ್ಮಾರ ಎರಡೂ ತೊಲೆಗೆ ಕಬ್ಬಿಣದ ಸರಳು ಮಾಡಿಕೊಟ್ಟ. ಊರುಗೋಲನ್ನು ಬಡಗಿ ಬೇರೆಯವರಿಗೆ ಮುಟ್ಟಲೂ ಕೊಡದೆ ತಾನೇ ಕೆತ್ತಿದ. ಮುಂದಿನ ಭಾನುವಾರ ಮೊದಲ ತೊಲೆಯ ಮೇಲೆ ಮಟ್ಟ ನೋಡುವ ತನ್ನ ದಾರ ಎಳೆದು ಕಟ್ಟಿ, ಸರಳಿನ ತುದಿಯ ನಟ್ಟು ತಿರುಗಿಸಲು ಕೂತ. ಕಡ್ಡಿ ಬೋರಲು ಮಲಗಿದ್ದಳು.

"ಇನ್ನೊಂದು ಸುತ್ತು ಮಾವ... ಇನ್ನರ್ಧ..."

ಅಷ್ಟು ದೊಡ್ಡ ಮರ ಕಿರುಗುಟ್ಟಿತು. ನಡುವಿನಲ್ಲಿ ಮೇಲೆದ್ದು ದಾರಕ್ಕೆ ತಾಗಿತು. ದಾರವನ್ನೂ ಎತ್ತಿಕೊಂಡು ಮೇಲಕ್ಕೆ ಹೋಯಿತು.

"ಮರಕ್ಕೆ ಜೀವ ಬಂತಲ್ಲೋ!" ಎಂದ ಬಡಗಿ. ಕಣ್ಣು ಒರೆಸಿಕೊಂಡದ್ದನ್ನು ಬೆವರೆಂದು ಹೇಳಿಕೊಂಡ.

ನಡಿಗೆಯ ಹಲಗೆ, ಪಕ್ಕದಲ್ಲಿ ಹಿಡಿದುಕೊಳ್ಳಲು ಕಟಕಟೆ ಆದ ಮೇಲೆ ಮರಳಿನ ಚೀಲ ಪೇರಿಸಿ ಕೆಲವು ದಿನ ಬಿಟ್ಟಳು. ಚೀಲ ತೆಗೆದಾಗ ಮೊದಲು ಹತ್ತಿದವಳು ಅವಳೇ. ನಟ್ಟನಡುವೆ ನಿಂತು ಕುಣಿದಳು. ಆಮೇಲೆ ಅಕ್ಕ ಕಟಕಟೆಯನ್ನು ಎರಡೂ ಕೈಯಲ್ಲಿ ತಬ್ಬಿ, ಕಣ್ಣು ಮುಚ್ಚಿ, ಅಡ್ಡಡ್ಡ ಕಾಲಿಡುತ್ತಾ ಬಂದಳು. ಹತ್ತಿರ ಬಂದು ಕಣ್ಣು ಬಿಟ್ಟು, "ಅಯ್ಯೋ, ಎಷ್ಟು ಮುದುಕ ಆಗಿದೀಯೋ! ಆಚೆಯಿಂದ ಚೆನ್ನಾಗೇ ಕಾಣ್ತಿದ್ದೆ" ಎಂದು ನನ್ನ ಕೆನ್ನೆ ಹಿಡಿದಳು.

ಕಡ್ಡಿಗೆ ಈಗ ದೂರದಲ್ಲಿ ದೊಡ್ಡ ಸೇತುವೆಯ ಕೆಲಸ ಸಿಕ್ಕಿದೆ. ನಮ್ಮ ಸೇತುವೆಯ ಕಟಕಟೆಗೆ ನಿನ್ನ ಹೆಸರು ಬರೆಸೋಣವೇ ಎಂದು ಕೇಳಿದೆ.

"ಬೇಡ ತಾತ. ದಾಟೋರಿಗೆ ಸೇತುವೆ ಮೇಲೆ ಇದೀವಿ ಅನ್ನೋದೇ ಮರೆತುಹೋಗ್ಬೇಕು. ಅಷ್ಟಾದ್ರೆ ಸಾಕು ನಂಗೆ."

ಅವಳು ಹೊರಡುವ ಬೆಳಗ್ಗೆ ಮಳೆ ಹಿಡಿದಿತ್ತು. ಕಾಲುವೆ ತುಂಬಿ ಭೋರ್ಗರೆಯುತ್ತಿತ್ತು. ಬೀಳ್ಕೊಡಲು ಅಕ್ಕ ಸೇತುವೆಯ ಮೇಲೆ ಬರುತ್ತಿದ್ದಳು. ಒಂದು ಕೈಯಲ್ಲಿ ಕೊಡೆ. ಇನ್ನೊಂದು ಕೈಯನ್ನು ನನ್ನತ್ತ ಆಡಿಸುತ್ತಾ, ಗಡ್ಡ ಕೆರೆಸಿಕೊಳ್ಳದ್ದಕ್ಕೆ ಬೈಯುತ್ತಾ ಈ ದಡಕ್ಕೆ ಬಂದೇಬಿಟ್ಟಳು. ಕಟಕಟೆಯ ನೆನಪೇ ಇಲ್ಲ.

ಕಡ್ಡಿ ನನ್ನನ್ನು ಮೊಣಕೈಯಿಂದ ತಿವಿದಳು. "ನೋಡಿದ್ರಾ ತಾತ?"

ಆಮೇಲೆ ಅಕ್ಕನ ಕಾಲಿಗೆ ನಮಸ್ಕಾರ ಮಾಡಿ, ಚೀಲ ಹೆಗಲಿಗೇರಿಸಿ, ಚರಂಡಿ ಮುಚ್ಚಳದ ನಟ್ಟನಡುವೆ ಕಾಲಿಟ್ಟು ಬಸ್ಸಿಗೆ ಹೋದಳು.