ಹಿರಿಯರ ಹಬ್ಬಕ್ಕೆ ಅವ್ವನ ಫೋಟೋ

ಅರವತ್ತು ದಾಟಿದ ಮೇಲೆ ಮನುಷ್ಯ ಫೋಟೋ ತೆಗೆಸುವುದು ತಾನಿನ್ನೂ ಬದುಕಿದ್ದೇನೆಂದು ಯಾವುದೋ ಅರ್ಜಿಗೆ ಅಂಟಿಸುವುದಕ್ಕೆ. ಆ ಕೆಲಸಕ್ಕೇ ನಾನು ಶಿಕಾರಿಪುರದ ಒಂದು ಸ್ಟುಡಿಯೋಕ್ಕೆ ಹೋಗಿದ್ದೆ. ಕಾಲೇಜಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದು ಬೇರೆಯವರನ್ನು ಬೇಕಾದಷ್ಟು ಕಾಯಿಸಿದವನು ನಾನು. ನನಗೆ ಮಾತ್ರ ಕಾಯುವುದೆಂದರೆ ಆಗದು. ಸಿಡುಕುತ್ತ ಗೋಡೆ ನೋಡುತ್ತಿದ್ದಾಗ ಅಲ್ಲಿ ತೂಗುಹಾಕಿದ್ದ ಒಂದು ಕಪ್ಪು ಬಿಳುಪಿನ ಫೋಟೋ ಕಣ್ಣಿಗೆ ಬಿತ್ತು.

ಶಿಕಾರಿಪುರದ್ದೇ ಸಂತೆ ದಿನದ ಬೀದಿ. ಸ್ಟುಡಿಯೋದವರ ತಂದೆ ಐವತ್ತು ವರ್ಷಕ್ಕೂ ಹಿಂದೆ ಮಹಡಿಯ ಮೇಲೆ ನಿಂತು ತೆಗೆದದ್ದಂತೆ. ಮೂತಿ ಮುಂದಕ್ಕೆ ಚಾಚಿದ ಹಳೆಯ ಬಸ್ಸು, ಅದರ ನೆತ್ತಿಯ ಮೇಲೆ ಬುಟ್ಟಿಗಳು, ಸೈಕಲ್ ತಳ್ಳಿಕೊಂಡು ಹೋಗುವ ರುಮಾಲಿನವರು, ಹೋಟೆಲಿನ ಮುಂದೆ ನೀರು ಚಿಮುಕಿಸಿ ಕಪ್ಪಗಾದ ನೆಲ. ಇವೆಲ್ಲದರ ನಡುವೆ ತೋಳಿನ ಮೇಲೆ ಕಂಬಳಿ ಹಾಕಿಕೊಂಡು ಕ್ಯಾಮರಾ ಕಡೆಗೇ ಮುಖವೆತ್ತಿ ನಿಂತ ಒಬ್ಬ ಹೆಂಗಸು. ನಾನು ಎದ್ದು ಗೋಡೆಯ ಹತ್ತಿರ ಹೋದೆ.

ನಮ್ಮದು ಕುರಿ ಸಾಕುವ ಮನೆತನ. ಅವ್ವ ಕಂಬಳಿ ಮಾರಲು ಈ ಸಂತೆಗೆ ಬರುತ್ತಿದ್ದಳು. ನನಗೆ ಏಳು ವರ್ಷವಿದ್ದಾಗ ತೀರಿಕೊಂಡಳು. ಅವಳದೊಂದೂ ಫೋಟೋ ಇರಲಿಲ್ಲ. ಹಿರಿಯರ ಹಬ್ಬದ ದಿನ ತೀರಿಕೊಂಡವರ ಫೋಟೋ ಇಟ್ಟು ಎಡೆ ಬಡಿಸುವುದು ಎಲ್ಲರ ಮನೆಯಲ್ಲಿ ರೂಢಿಯಾದ ಮೇಲೂ ನಮ್ಮಲ್ಲಿ ಅಪ್ಪನ ಫೋಟೋದ ಪಕ್ಕ ಅವ್ವನ ಲೆಕ್ಕಕ್ಕೆ ಒಂದು ತಂಬಿಗೆ, ಒಂದು ಹೊಸ ಸೀರೆ, ಅಷ್ಟೇ. ಇನ್ನೊಂದು ಮಾತನ್ನು ನಾನು ಹೆಂಡತಿಗೂ ಹೇಳಿರಲಿಲ್ಲ. ಅವ್ವನ ಮುಖ ನನಗೆ ಮರೆತೇಹೋಗಿತ್ತು. ವರ್ಷವರ್ಷವೂ ಆ ಸೀರೆಗೆ ಕೈಮುಗಿಯುವಾಗ ನಾಚಿಕೆಯಾಗುತ್ತಿತ್ತು. ಹಾಗಾಗಿ ಫೋಟೋದಲ್ಲಿದ್ದ ಹೆಂಗಸನ್ನು ಅವ್ವನೇ ಎಂದು ತೀರ್ಮಾನಿಸಿಬಿಟ್ಟೆ. ಅವಳೊಬ್ಬಳ ಮುಖವನ್ನೇ ದೊಡ್ಡದು ಮಾಡಿ ಕೊಡಿ ಎಂದು ಕೇಳಿದೆ.

"ಮುಖ ಉದ್ದಿನಕಾಳಷ್ಟೂ ಇಲ್ರೀ ಸರ್. ದೊಡ್ಡದು ಮಾಡಿದ್ರೆ ಬರೀ ಚುಕ್ಕಿ ಕಾಣ್ತಾವು," ಎಂದರು ಸ್ಟುಡಿಯೋದವರು. "ಕಂಪ್ಯೂಟರ್‌ನಾಗೆ ತಿದ್ದಿ ಕೊಡ್ತೀನಿ. ನಿಮ್ಮ ತಾಯಿ ಯಾರ ಹೋಲಿಕೆ ಇದ್ರು ಹೇಳ್ರೀ."

"ನಾನೇ ಅವ್ವನ ಪಡಿಯಚ್ಚು ಅಂತಿದ್ರು ಎಲ್ರೂ," ಎಂದೆ.

"ಹಂಗಾದ್ರೆ ಸುಲಭ ಬಿಡ್ರಿ," ಎಂದರು. ಯಾಕೆ ಸುಲಭವೆಂದು ನಾನು ಕೇಳಲಿಲ್ಲ.

ವಾರದ ಮೇಲೆ ಕಟ್ಟು ಹಾಕಿದ ಫೋಟೋ ಕೈಗೆ ಬಂತು. ಹಸಿರು ರೇಷ್ಮೆ ಸೀರೆ, ಕಾಸಿನಗಲದ ಕುಂಕುಮ, ಮೂಗುತಿ. ನೋಡಿದಷ್ಟೂ ಪರಿಚಿತವಾದ ಮುಖ. ರಕ್ತಸಂಬಂಧವೆಂದರೆ ಇದೇ ಎಂದುಕೊಂಡು ಕಣ್ಣೊರೆಸಿಕೊಂಡೆ. ಬೀದಿಯ ಫೋಟೋದ್ದೂ ಒಂದು ಪ್ರತಿ ಹಾಕಿಸಿಕೊಂಡು ಬಂದೆ.

ಹಬ್ಬಕ್ಕೆ ಜಡೆ ಎಂಬ ಊರಿನಿಂದ ಚಿಕ್ಕವ್ವನನ್ನು ಕರೆಸಿದ್ದೆ. ಅವ್ವನ ತಂಗಿ, ಅವ್ವನನ್ನು ಕಣ್ಣಾರೆ ಕಂಡವರಲ್ಲಿ ಈಗ ಉಳಿದಿರುವವಳು ಅವಳೊಬ್ಬಳೇ. ಸೊರಬದಲ್ಲಿ ಬಸ್ಸು ಬದಲಿಸಿ ಬಂದು, ಕಾಲು ತೊಳೆದುಕೊಂಡು, ಹೂವು ಹಾಕಿದ ಫೋಟೋದ ಮುಂದೆ ಕೂತಳು. ಬಹಳ ಹೊತ್ತು ನೋಡಿದಳು.

"ಇದ್ಯಾರೋ?"

"ಅವ್ವ, ಚಿಕ್ಕವ್ವ."

"ನಿಮ್ಮವ್ವ ಎಲ್ಲಿಂದ ಬಂದ್ಲು ಇಲ್ಲಿ? ನಿನ್ನ ಮೀಸೆ ಬೋಳಿಸಿ ಸೀರೆ ಉಡ್ಸಿದಾರಲ್ಲೋ. ಬದುಕಿರೋನಿಗೆ ಎಡೆ ಇಡ್ತಾರೇನೋ? ತೆಗಿ ಮೊದ್ಲು."

ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು. ಅವಳಿಗೆ ಮೊದಲ ದಿನವೇ ಗೊತ್ತಾಗಿತ್ತಂತೆ. ನನ್ನ ಸಂಭ್ರಮ ನೋಡಿ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಸ್ಟುಡಿಯೋದವರು ನನ್ನದೇ ಪಾಸ್‌ಪೋರ್ಟ್ ಫೋಟೋಕ್ಕೆ ಸಿಂಗಾರ ಮಾಡಿ ಕೊಟ್ಟಿದ್ದರು. ಈಗ ಹೇಳುವಾಗ ನಗು ಬರುತ್ತದೆ. ಆಗ ಮೈಯೆಲ್ಲ ಉರಿದುಹೋಯಿತು. ಬೀದಿಯ ಫೋಟೋ ತಂದು ಚಿಕ್ಕವ್ವನ ತೊಡೆಯ ಮೇಲಿಟ್ಟು, ಕಂಬಳಿಯ ಹೆಂಗಸನ್ನು ತೋರಿಸಿ, "ಇವಳಾದ್ರೂ ಹೌದೋ ಅಲ್ವೋ ಹೇಳು," ಎಂದೆ.

ಚಿಕ್ಕವ್ವ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. "ಅಲ್ಲ. ಇವ್ಳು ಯಾರೋ ಬೇರೆಯೋಳು."

ನಾನು ಫೋಟೋ ವಾಪಸು ತೆಗೆದುಕೊಳ್ಳಲು ಕೈಚಾಚಿದೆ. ಚಿಕ್ಕವ್ವನ ಬೆರಳು ಮಾತ್ರ ಫೋಟೋದ ಮೇಲೆ ಮೆಲ್ಲಗೆ ಸರಿಯುತ್ತಲೇ ಇತ್ತು. ಬಸ್ಸಿನ ಪಕ್ಕ ಬೆನ್ನು ಮಾಡಿ ನಿಂತ, ತಲೆಯ ಮೇಲೆ ದೊಡ್ಡ ಹೊರೆಯಿದ್ದ ಒಬ್ಬಳ ಹತ್ತಿರ ನಿಂತಿತು.

"ಇಗಾ, ಇಲ್ಲಿದಾಳೆ ಅಕ್ಕ. ಕುರಿಮರಿ ಹೊತ್ತು ಹೊತ್ತು ಸೊಂಟ ಒಂದ್ ಕಡಿಗೆ ವಾಲಿತ್ತು ಅವಳಿಗೆ."

"ಮುಖಾನೇ ಇಲ್ವಲ್ಲ, ಚಿಕ್ಕವ್ವ."

"ಮುಖ ಬಿಡು. ಕೈ ನೋಡು."

ಒಂದು ಕೈ ಹೊರೆ ಹಿಡಿದಿತ್ತು. ಇನ್ನೊಂದು ಹಿಂದಕ್ಕೆ ಚಾಚಿತ್ತು, ಅಂಗೈ ಬಿಚ್ಚಿಕೊಂಡು, ಬರಿದಾಗಿ.

"ಸಂತೇಲಿ ನೀನು ಕಂಡಲ್ಲೆಲ್ಲ ನಿಂತ್ಕಂತಿದ್ದೆ. ತಲೆ ಮೇಲೆ ಹೊರೆ ಇದ್ದೋಳು ತಿರುಗಿ ನೋಡೋಕಾಗ್ತದಾ? ಹಿಂಗೆ ಕೈ ಹಿಂದಕ್ಕೆ ಕೊಟ್ಕಂಡು ನಿಂತಿರೋಳು, ನೀನು ಬಂದು ಹಿಡಿಯೋ ತಂಕ."

ಆ ಕೈಯ ಹಿಂದೆ ಫೋಟೋದ ಅಂಚಿನವರೆಗೂ ಖಾಲಿ ರಸ್ತೆ. ನಾನು ಎಲ್ಲಿ ಏನು ನೋಡುತ್ತ ನಿಂತಿದ್ದೆನೋ. ರೇಷ್ಮೆ ಸೀರೆಯ ಫೋಟೋ ತೆಗೆದು, ಅಪ್ಪನ ಪಕ್ಕ ಬೀದಿಯ ಫೋಟೋ ಇಟ್ಟು ಎಡೆ ಬಡಿಸಿದೆವು. ಮುಖ ಅವತ್ತೂ ನೆನಪಾಗಲಿಲ್ಲ, ಇವತ್ತಿಗೂ ಆಗಿಲ್ಲ. ಆದರೆ ಕೈಮುಗಿಯಲು ಹೋದಾಗ, ಉಣ್ಣೆಯ ಜಿಡ್ಡು ಹತ್ತಿದ ಆ ಬೆರಳುಗಳನ್ನು ನಾನು ಹಿಡಿದುಕೊಂಡ ಕೂಡಲೇ ಅವ್ವ ಒಮ್ಮೆ ಗಟ್ಟಿಯಾಗಿ ಒತ್ತುತ್ತಿದ್ದದ್ದು ನೆನಪಾಯಿತು, ಎಡೆಯ ಮುಂದೆಯೇ ಅತ್ತುಬಿಟ್ಟೆ.