ತೀರ್ಥ ಕುಡಿದ ಕಾಡತೂಸು

ಆಯುಧ ಪೂಜೆಯ ದಿನ ನಮ್ಮ ಯಜಮಾನರು ಬಂದೂಕನ್ನು ತಂದು ದೇವರ ಮನೆಯ ಗೋಡೆಗೆ ಒರಗಿಸಿದರು. ಪಕ್ಕದಲ್ಲಿ ಕೋಲಾರದಿಂದ ತಂದ ಕಾಡತೂಸಿನ ಹೊಸ ಡಬ್ಬಿ. ಮಾವನವರ ಹೆಸರಿನಲ್ಲಿದ್ದ ಲೈಸೆನ್ಸು ಈ ವರ್ಷ ಇವರ ಹೆಸರಿಗಾಗಿದೆ. ನಮ್ಮ ಬೀದಿಯಲ್ಲಿ ಕಳ್ಳತನ ಆದಾಗಿನಿಂದ ಇವರಿಗೆ ಒಂದೇ ಜಪ. ಮನೆ ಕಾಯುವುದಕ್ಕೆ ದಪ್ಪ ಗುಂಡಿನ ಕಾಡತೂಸು ಒಳ್ಳೆಯದೋ, ಸಣ್ಣ ಗುಂಡಿನದೋ? ಊಟಕ್ಕೆ ಕೂತರೂ ಫೋನಿನಲ್ಲಿ ಯಾವನೋ ಮೀಸೆಯವನ ವಿಡಿಯೊ. ಸಾರು ಆರಿ ಹೋಗುತ್ತದೆ ಎಂದರೆ "ಇರೇ, ಮುಖ್ಯವಾದ್ದು ಹೇಳ್ತಾವ್ನೆ" ಅನ್ನುತ್ತಾರೆ.

ನಾನು ಅರಿಶಿನ ಕಲಸುತ್ತಿದ್ದೆ. ಒದ್ದೆ ಅರಿಶಿನದ ವಾಸನೆ, ಬಂದೂಕಿಗೆ ಒರೆಸಿದ ಎಣ್ಣೆಯ ವಾಸನೆ... ಎರಡೂ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ನಿಂತುಹೋಯಿತು. ಪಕ್ಕದ ತೋಟದ ದೊಡ್ಡಮ್ಮ ಬಂದು ಬೆನ್ನ ಹಿಂದೆ ನಿಂತ ಹಾಗಾಯಿತು.

ನಾನು ಮದುವೆಯಾಗಿ ಶ್ರೀನಿವಾಸಪುರಕ್ಕೆ ಬಂದಾಗ ನಮ್ಮದು ಊರಾಚೆಯ ಕೊನೆಯ ಮನೆ. ಅದರ ಪಕ್ಕಕ್ಕೆ ದೊಡ್ಡಮ್ಮನ ಮಾವಿನ ತೋಟ, ತೋಟದೊಳಗೇ ಮನೆ. ನಮಗೆ ರಕ್ತಸಂಬಂಧವೇನೂ ಅಲ್ಲ, ಊರಿಗೆಲ್ಲ ಆಕೆ ದೊಡ್ಡಮ್ಮ. ಗಂಡ ತೀರಿಕೊಂಡಿದ್ದರು. ಮನೆಯಲ್ಲಿ ಸೊಸೆ, ಇನ್ನೂ ಶಾಲೆಗೆ ಹೋಗದ ಮೊಮ್ಮಗಳು. ಗಂಡನ ಒಂಟಿ ನಳಿಗೆಯ ಬಂದೂಕನ್ನು ಆಕೆ ಹಟ ಹಿಡಿದು ತನ್ನ ಹೆಸರಿಗೆ ಮಾಡಿಸಿಕೊಂಡಿದ್ದರು. ಕಚೇರಿಯಲ್ಲಿ ಯಾರೋ ನಕ್ಕರಂತೆ. "ನಗಪ್ಪಾ ನಗು, ನಕ್ಕು ಸೀಲ್ ಹಾಕು" ಅಂದು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರಂತೆ.

ಒಂದು ದಿನ ಬೆಳಿಗ್ಗೆ ಬಂದು, "ಏಮ್ಮಾ, ಕೋಲಾರಕ್ಕೆ ಹೋಗ್ಬರಾಣ ಬಾ, ಡಬ್ಬಿ ಮೇಲಿನ ಇಂಗ್ಲೀಷು ಓದೋಕೆ ಒಬ್ರು ಬೇಕು" ಎಂದರು. ಅತ್ತೆಯ ಕಣ್ಣು ತಪ್ಪಿಸಿ ಒಂದು ಹೊತ್ತು ಬಸ್ಸಿನಲ್ಲಿ ಕೂರುವುದೇ ನನಗೆ ಹಬ್ಬ. ಹೊರಟೆ.

ಬಂದೂಕಿನ ಅಂಗಡಿಯವನು ಪೊಲೀಸಿನವನ ಹಾಗೆ ಗಂಭೀರವಾಗಿರುತ್ತಾನೆ ಎಂದುಕೊಂಡಿದ್ದೆ. ನೋಡಿದರೆ ಬಟ್ಟೆ ಅಂಗಡಿಯವನ ಹಾಗೆ ಬಾಯ್ತುಂಬ ಮಾತು. "ಹಂದಿಗಾ ಅಮ್ಮಾ, ಹಕ್ಕಿಗಾ?" ಎಂದ. ದೊಡ್ಡಮ್ಮ "ಮನೆಗೆ" ಎಂದರು. ಅವನು ಒಂದು ಕೆಂಪು ಕಾಗದದ ಕಾಡತೂಸು ತೆಗೆದಿಟ್ಟ. ಒಳಗೆ ಕಡಲೆಕಾಳಿನಷ್ಟು ದಪ್ಪದ ಸೀಸದ ಗುಂಡುಗಳಂತೆ, ತಗುಲಿದವನು ಮತ್ತೆ ಏಳುವುದಿಲ್ಲವಂತೆ. ದೊಡ್ಡಮ್ಮ ಬಿಸಿ ತಟ್ಟೆ ಮುಟ್ಟಿದವರಂತೆ ಅದನ್ನು ಆಚೆ ಸರಿಸಿದರು.

"ಸಾಯ್ಬಾರ್ದಪ್ಪಾ. ವಾಪಸ್ ಹೋಗ್ಬೇಕು ಅಷ್ಟೆ."

ಆಗ ಅವನು ಸಾಸಿವೆಯಷ್ಟು ಸಣ್ಣ ಗುಂಡಿನದು ಕೊಟ್ಟ. ಇದು ಹಕ್ಕಿಗೆ ಹೊಡೆಯುವುದು ಎಂದ. ಹತ್ತಿರದಿಂದ ಹೊಡೆದರೆ ಸಾಸಿವೆಯೂ ಒಂದೇ ಕಡಲೆಯೂ ಒಂದೇ, ಜೀವ ತೆಗೆಯುತ್ತದೆ, ದೂರದಿಂದಾದರೆ ಬರೀ ಚರ್ಮಕ್ಕೆ ಎಂದೂ ಹೇಳಿದ. ಎಷ್ಟು ದೂರ, ಜಗಲಿಯಿಂದ ಗೇಟಿನಷ್ಟು ಸಾಕಾ, ಕಣ್ಣಿಗೆ ಬಿದ್ದರೆ ಏನು ಗತಿ, ಕಾಲಿಗೆ ಹೊಡೆದರೆ ಮುಂದೆ ನಡೆಯೋಕಾಗುತ್ತಾ... ದೊಡ್ಡಮ್ಮ ಕೇಳಿದ್ದನ್ನೇ ಕೇಳಿದರು. ಅಂಗಡಿಯವನಿಗೂ ಸಾಕಾಯಿತು. "ಕಳ್ಳನ ಮೇಲೆ ಇಷ್ಟು ಕರುಣೆ ಯಾಕಮ್ಮಾ ನಿಮಗೆ?" ಎಂದು ನಕ್ಕ. ನಾನೂ ನಕ್ಕೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಚೀಲವನ್ನು ಮಡಿಲಲ್ಲಿ ಅವುಚಿಕೊಂಡು ಕೂತಿದ್ದರು. ಕಿಟಕಿಯ ಕಡೆ ನೋಡುತ್ತಲೇ ಹೇಳಿದರು. "ಕಳ್ಳ ಅಲ್ಲ ಕಣೇ. ನಾ ಕೊಡುಕು. ನನ್ ಮಗಾನೇ."

ಒಬ್ಬನೇ ಮಗ. ಇಸ್ಪೀಟು, ಕುಡಿತ. ಹೆಂಡತಿಯ ಕತ್ತಿನಲ್ಲಿದ್ದದ್ದು ಹೋಯಿತು, ಆಮೇಲೆ ಹೆಂಡತಿಗೇ ಏಟು ಬೀಳತೊಡಗಿತು. ಸೊಸೆಯ ತುಟಿ ಒಡೆದ ದಿನ ದೊಡ್ಡಮ್ಮ ಅವನನ್ನು ಆಚೆ ಹಾಕಿದ್ದರು. ತೋಟ ಬರೆದುಕೊಡು, ಇಲ್ಲದಿದ್ದರೆ ಮಗುವನ್ನು ಎತ್ತಿಕೊಂಡು ಹೋಗುತ್ತೇನೆ, ಆಮೇಲೆ ಹುಡುಕಿಕೋ ಎಂದು ಅವನು ಹೇಳಿ ಹೋಗಿದ್ದ. ಹೇಳಿದ್ದನ್ನು ಮಾಡುವವನೇ. ನನ್ನ ನಗು ಎಲ್ಲಿ ಹೋಯಿತೋ! ಶ್ರೀನಿವಾಸಪುರ ಬರುವ ತನಕ ನನಗೆ ಅವರ ಮುಖ ನೋಡಲಾಗಲಿಲ್ಲ.

ಮುಂದೆ ಆಯುಧ ಪೂಜೆ ಬಂತು. ನಮ್ಮ ಕಡೆ ಗೊತ್ತಲ್ಲ, ಕುಡುಗೋಲು, ನೇಗಿಲು, ಪಂಪಿನ ಮೋಟಾರು, ಕೊನೆಗೆ ಈಳಿಗೆಮಣೆಗೂ ಅರಿಶಿನ ಕುಂಕುಮ. ದೊಡ್ಡಮ್ಮ ಬಂದೂಕಿಗೂ ಇಟ್ಟರು, ಆ ಸಣ್ಣ ಗುಂಡಿನ ಒಂದು ಕಾಡತೂಸಿಗೂ ಇಟ್ಟರು. ಹಬ್ಬ ಮುಗಿದ ಮೇಲೆ ಎಲ್ಲವೂ ಅದರದರ ಜಾಗಕ್ಕೆ ಹೋದವು, ಆ ಕಾಡತೂಸು ಮಾತ್ರ ದೇವರ ಮುಂದೆಯೇ ಉಳಿಯಿತು. ಇದು ಕೈಗೆ ಸಿಗುವಂತಿದ್ದರೆ ಧೈರ್ಯ, ಆದರೆ ಬಳಸುವ ಕಾಲ ಬರದಿರಲಿ ಎಂದು ದಿನಾ ಸ್ನಾನ ಮಾಡಿ ಬಂದು ಬೇಡಿಕೊಳ್ಳುತ್ತಿದ್ದರು. ಬೇಡಿಕೊಂಡು, ದೇವರಿಗೆ ಹೂವು ಏರಿಸಿ, ಅದರ ಮೇಲೂ ತೀರ್ಥ ಚಿಮುಕಿಸಿ, ಹೊಸದಾಗಿ ಕುಂಕುಮ ಇಡುತ್ತಿದ್ದರು. ನಾನು ಹೂವು ಕೊಡಲು ಹೋದಾಗ ಎಷ್ಟೋ ಸಲ ನೋಡಿದ್ದೇನೆ. ಕಾಗದದ ಕಾಡತೂಸು, ನೀರು ಕುಡಿದರೆ ಮದ್ದು ಉಳಿಯುತ್ತದೆಯೇ? ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ದೇವರ ಮುಂದೆ ಇಟ್ಟದ್ದು ಕೆಡುತ್ತದೆ ಎಂದು ನಮ್ಮಲ್ಲಿ ಯಾರು ಯೋಚಿಸುತ್ತಾರೆ ಹೇಳಿ.

ಅವರೆಕಾಯಿ ಕಾಲ. ಸಂಜೆ ಇನ್ನೂ ಬಿಸಿಲಿತ್ತು. ದೊಡ್ಡಮ್ಮನ ಜಗಲಿಯ ಮೇಲೆ ನಾವಿಬ್ಬರೂ ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದೆವು. ಸೊಸೆ ಮಗುವಿಗೆ ತಲೆ ಬಾಚುತ್ತಾ ಒಳಗಿದ್ದಳು. ಗೇಟು ಕಿರ್ ಅಂದಿತು. ನೋಡಿದರೆ ಅವನು. ಗೇಟು ಹಾರುಹೊಡೆದು ಬಿಟ್ಟು ಒಳಗೆ ಬಂದ. ಕೈಯಲ್ಲಿ ಏನೂ ಇರಲಿಲ್ಲ, ಆದರೆ ಕಣ್ಣು ನೋಡಿದರೆ ಎದೆ ನಡುಗುತ್ತಿತ್ತು. "ಮಗೂನ ಕರೀ" ಎಂದ.

ದೊಡ್ಡಮ್ಮ ಒಳಗೆ ಹೋದದ್ದು, ದೇವರ ಮುಂದಿದ್ದ ಕಾಡತೂಸನ್ನೇ ತುಂಬಿ ಬಂದೂಕು ಹಿಡಿದು ಬಂದದ್ದು ನನಗೆ ಸರಿಯಾಗಿ ನೆನಪಿಲ್ಲ... ಕೈಗೆ ಅಂಟಿದ್ದ ಅವರೆ ಸಿಪ್ಪೆ ಮಾತ್ರ ನೆನಪಿದೆ. ಅದು ಬಂದೂಕಿನ ಹಿಡಿಗೂ ಅಂಟಿತ್ತು.

"ಅಲ್ಲೇ ನಿಂತ್ಕೊಳ್ಳೋ. ಅಲ್ಲಿಂದ ಈಚೆ ಬರ್ಬೇಡ."

ಅವನು ನಕ್ಕ. ನನ್ನಮ್ಮ ಹೊಡೆಯುತ್ತಾಳೆಯೇ ಎನ್ನುವ ನಗು. ನಗುತ್ತಲೇ ಬಂದ. ಇನ್ನೂ ಹತ್ತಿರ ಬಂದರೆ ಸಾಸಿವೆಯೂ ಒಂದೇ ಕಡಲೆಯೂ ಒಂದೇ. ದೊಡ್ಡಮ್ಮನಿಗೆ ಅದು ಗೊತ್ತಿತ್ತು, ನನಗೂ ಗೊತ್ತಿತ್ತು. ನಳಿಗೆ ಅವನ ಕಾಲಿನ ಕಡೆ ಇಳಿಯಿತು. ಬಂದೂಕಿನ ಕುದುರೆ ಎಳೆದೇಬಿಟ್ಟರು.

ಟಕ್.

ಅಷ್ಟೇ. ಹೊಗೆಯಿಲ್ಲ, ಸದ್ದಿಲ್ಲ. ಅವನ ಮುಖದಲ್ಲಿದ್ದ ನಗು ಇಳಿದುಹೋಯಿತು. ಬಂದೂಕನ್ನು ನೋಡಿದ, ಅಮ್ಮನನ್ನು ನೋಡಿದ. "ಹೊಡ್ದ್ಯಾ ಅಮ್ಮಾ?" ಎಂದ, ಅದೂ ಮೆಲ್ಲಗೆ. ಬಿದ್ದು ಮಂಡಿ ತರಚಿಕೊಂಡ ಮಗು ಕೇಳಿದ ಹಾಗಿತ್ತು. ಅವನು ತಿರುಗಿ ನಡೆದ. ಹುಟ್ಟಿದಾಗಿನಿಂದ ಒಂದು ದಿನವೂ ಗೇಟು ಹಾಕಿದವನಲ್ಲ, ಅವತ್ತು ಹಾಕಿ, ಚಿಲಕ ಎಳೆದು ಹೋದ.

ಮತ್ತೆ ಬರಲಿಲ್ಲ. ಮುಳಬಾಗಿಲಲ್ಲಿ ಕಂಡ ಎಂದರು, ಮದನಪಲ್ಲಿಯ ಟೊಮೆಟೊ ಮಂಡಿಯಲ್ಲಿ ಇದ್ದಾನೆ ಎಂದರು. ಹೋಗಿ ಹುಡುಕಿದರೆ ಅವನಲ್ಲ. ದೊಡ್ಡಮ್ಮ ಬಂದೂಕನ್ನು ಠಾಣೆಗೆ ಒಪ್ಪಿಸಿ ಬಂದರು. ಅವತ್ತಿನಿಂದ ಆ ಗೇಟಿಗೆ ಚಿಲಕ ಹಾಕಲು ಯಾರಿಗೂ ಬಿಡಲಿಲ್ಲ. ಮೇಕೆ ನುಗ್ಗಿ ಹೂಗಿಡ ಮೇಯ್ದರೂ ಸರಿ, ಗೇಟು ತೆರೆದೇ ಇರಬೇಕು. ಸೊಸೆ ಒಮ್ಮೆ ನನ್ನ ಹತ್ತಿರ, "ನಾನೂ ನನ್ ಮಗ್ಳೂ ನೆಮ್ದಿಯಾಗಿ ಮಲಗಿದ್ದು ಅವತ್ತಿಂದಾನೇ ಅಕ್ಕಾ. ಅತ್ತೆ ಮುಂದೆ ಹೆಂಗ್ ಹೇಳ್ಲಿ?" ಎಂದು ಅತ್ತಳು. ಅವಳ ಮಾತೂ ನಿಜವೇ ತಾನೆ.

ದೊಡ್ಡಮ್ಮ ಒಮ್ಮೆ ಮಾತ್ರ ಆ ವಿಷಯ ಎತ್ತಿದರು. ಕಾಯಿಲೆ ಮಲಗಿದ್ದಾಗ ನಾನು ಗಂಜಿ ಕುಡಿಸುತ್ತಿದ್ದೆ. ಚಮಚವನ್ನು ಕೈಯಿಂದ ತಡೆದು, "ಹಾರಿದ್ದಿದ್ರೆ ಕಾಲಲ್ಲಿ ಗಾಯ ಆಗ್ತಿತ್ತು ಕಣೇ. ವಾಸಿ ಆಗ್ತಿತ್ತು. ಬೈಕೊಂಡಾದ್ರೂ ಬರ್ತಿದ್ದ" ಎಂದರು. ಅಷ್ಟು ಹತ್ತಿರದಿಂದ ಹಾರಿದ್ದರೆ ಏನಾಗುತ್ತಿತ್ತು ಎಂದು ಅಂಗಡಿಯವನು ಹೇಳಿದ್ದು ನನಗೆ ನೆನಪಿತ್ತು. ಆದರೂ ಹೂಂ ಅಂದೆ. ಆ ಕಾಯಿಲೆಯಿಂದ ದೊಡ್ಡಮ್ಮ ಏಳಲಿಲ್ಲ, ಕೊಳ್ಳಿ ಇಟ್ಟದ್ದು ಮೊಮ್ಮಗಳು.

"ಏನೇ, ಅರಿಶಿನ ಒಣಗ್ತಾ ಇದೆ" ಎಂದು ಇವರು ಕೂಗಿದಾಗ ಎಚ್ಚರವಾಯಿತು. "ರೀ, ಆ ಡಬ್ಬಿಗೆ ನೀರು ತಗಲಿಸಬೇಡಿ" ಅಂದೆ. ಇವರು ನಕ್ಕರು. "ಈಗಿಂದೆಲ್ಲ ಪ್ಲಾಸ್ಟಿಕ್ ಕಣೇ. ಬಕೆಟ್ಟಿನಲ್ಲಿ ಅದ್ದಿದ್ರೂ ಹಾರುತ್ತೆ."

ನಮ್ಮ ಮಗ ನರಸಾಪುರದ ಕಂಪನಿಯಲ್ಲಿದ್ದಾನೆ. ರಾತ್ರಿ ಪಾಳಿ ಇದ್ದಾಗ ಕಂಪನಿ ಬಸ್ಸಿಳಿದು ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತಾನೆ. ನಮ್ಮನ್ನು ಎಬ್ಬಿಸಬಾರದು ಎಂದು ಬೀಗ ಹಾಕಿದ ಗೇಟು ಹಾರಿ, ಹಿತ್ತಲ ಕಡೆಯಿಂದ ಬೆಕ್ಕಿನ ಹಾಗೆ ಬರುತ್ತಾನೆ.

"ಯಾವ ಕಾಡತೂಸು ಅಂತ ಆಮೇಲೆ ನೋಡೋಣ. ಗೇಟು ಹಾರಿ ಬರೋನು ಯಾರು ಅಂತ ಮೊದಲು ಹೇಳಿ" ಅಂದೆ. ಇವರು ಫೋನನ್ನು ಜೇಬಿಗೆ ಹಾಕಿಕೊಂಡರು. ಡಬ್ಬಿ ಪೂಜೆಗೆ ಕೂರಲಿಲ್ಲ. ನಾಳೆಯೇ ಕೋಲಾರದ ಅಂಗಡಿಗೆ ವಾಪಸ್ ಕೊಟ್ಟು ಬನ್ನಿ ಎಂದಿದ್ದೇನೆ. ಹೂಂ ಎಂದಿದ್ದಾರೆ, ನೋಡಬೇಕು.

ನಾನು ಹೋಗಿ ಗೇಟಿನ ಬೀಗ ತೆಗೆದು, ಚಿಲಕವನ್ನೂ ಸರಿಸಿ ಬಂದೆ. ಕಳ್ಳ ಬಂದರೆ ಬರಲಿ! ಸಂಜೆ ದೀಪ ಹಚ್ಚುವ ಹೊತ್ತಿಗೆ ಮಗ ಬಂದ. ಚಪ್ಪಲಿ ಬಿಡುತ್ತಾ, "ಗೇಟ್ ಯಾಕಮ್ಮಾ ತೆಗೆದೇ ಇತ್ತು?" ಎಂದು ಕೇಳಿದ. ದೊಡ್ಡಮ್ಮನನ್ನು ಹಾಗೆ ಕೇಳಲು ಕೊನೆಯ ತನಕ ಯಾರೂ ಬರಲಿಲ್ಲ.